ಮಂಜಿನಲ್ಲಿ ಮೂರನೆಯ ಕರೆ

ಸಾಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಅಲ್ಲಿ ಬೀಳುವಷ್ಟು ದೇವರಾಣೆ ಯಾವ ಕೋರ್ಟಿನಲ್ಲೂ ಬೀಳಲಿಕ್ಕಿಲ್ಲ. ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ ಲಾರಿ ಡ್ರೈವರು ಓದುವುದಿಲ್ಲ, "ದೇವ್ರಾಣೆ ಕಾಣ್ತದೆ ಮೇಡಂ, ಬರ್ಕೊಳಿ" ಎನ್ನುತ್ತಾನೆ. ಫ್ರೇಮಿನ ಮೇಲೆ ಕೂತು ಮುರಿದುಕೊಂಡು ಬಂದವಳು "ಅಮ್ಮನಾಣೆ, ಮುಟ್ಟೇ ಇಲ್ಲ, ಇಟ್ಟಲ್ಲೇ ಮುರೀತು" ಎನ್ನುತ್ತಾಳೆ. ಕೇಳಿ ಕೇಳಿ ನನಗೆ ಬಾಯಿಮಾತಿನ ದೇವರೆಂದರೆ ಮೈ ಉರಿಯುತ್ತದೆ. ನಾನು ದೇವರನ್ನು ನಂಬುವವಳೂ ಅಲ್ಲ, ಹುಟ್ಟಿದಾಗಿನಿಂದ ಒಂದು ಆಣೆ ಹಾಕಿದವಳೂ ಅಲ್ಲ. ಊರಲ್ಲಿ ಇದು ಎಲ್ಲರಿಗೂ ಗೊತ್ತು.

ಕೋಣಂದೂರಿಗೆ ಸೊಸೆಯಾಗಿ ಹೋದ ನನ್ನಕ್ಕ ಗಿರಿಜ ಇದಕ್ಕೆ ತದ್ವಿರುದ್ಧ. ಆಕಳಿಕೆ ಬಂದರೆ ಶಿವ, ಹಲ್ಲಿ ಲೊಚಗುಟ್ಟಿದರೆ ಕೃಷ್ಣ, ಹಾಲು ಉಕ್ಕಿದರೆ ರಾಮ. ಇಷ್ಟು ದೇವರನ್ನು ಬಾಯಲ್ಲಿ ಇಟ್ಟುಕೊಂಡವಳು ಒಡಹುಟ್ಟಿದ ತಮ್ಮನೊಂದಿಗೆ ವರ್ಷಗಳಿಂದ ಒಂದು ಮಾತಾಡಿರಲಿಲ್ಲ. "ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂದ್ರೆ ನೀನೇ ನೋಡು" ಎಂದು ನಾನು ಅವಳ ಮುಖಕ್ಕೇ ಹೇಳಿದ್ದೆ. ಆ ತಮ್ಮ ಮೋಹನನನ್ನು ನೋಡಲು ನಾವಿಬ್ಬರು ಒಮಾನ್ ದೇಶದ ಸಲಾಲಾಕ್ಕೆ ಹೋಗಿದ್ದೆವು.

ಸಲಾಲಾ

ಅರಬ್ ದೇಶ ಎಂದರೆ ಮರಳು, ಬಿಸಿಲು ಎಂದುಕೊಂಡು ತೆಳ್ಳನೆಯ ಹತ್ತಿ ಸೀರೆಗಳನ್ನೇ ಒಯ್ದಿದ್ದೆವು. ವಿಮಾನದಿಂದ ಇಳಿದರೆ ಸೋನೆ ಮಳೆ. ಕಣ್ಣಿಗೆ ಕಂಡದ್ದು ತೆಂಗು, ಬಾಳೆ, ಅದರಾಚೆ ಹಸಿರು ಬೆಟ್ಟ, ಬೆಟ್ಟದ ಅರ್ಧಕ್ಕೆ ಮಂಜು. ಆ ದೇಶದಲ್ಲಿ ಈ ಮೂಲೆಗೆ ಮಾತ್ರ ಮಳೆಗಾಲ ಬರುತ್ತದಂತೆ. "ಇದೆಂತದೇ ಸುಮಾ, ಹುಲಿಕಲ್ ಘಾಟಿಗೆ ಬಂದಂಗಾಯ್ತಲ್ಲೇ" ಎಂದು ಅಕ್ಕ ನನ್ನ ತೋಳು ಹಿಡಿದಳು. ಅಷ್ಟರಲ್ಲಿ ಮಂಜಿನೊಳಗಿಂದ ಒಂಟೆಯೊಂದು ನಿಧಾನವಾಗಿ ರಸ್ತೆಗೆ ಬಂದು ನಮ್ಮನ್ನು ನೋಡುತ್ತ ನಿಂತಿತು. ಹುಲಿಕಲ್ಲಿನ ಮಂಜಿನಿಂದ ಒಂಟೆ ಬಂದರೆ ಹೇಗಿರುತ್ತದೋ ಹಾಗೆ ಕಂಡಿತು.

ಮೋಹನ ಅಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡು ಒಬ್ಬನೇ ಇದ್ದಾನೆ. ಅಪ್ಪ ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿದ್ದಾಗ ಕ್ವಾರ್ಟರ್ಸಿನ ಕೆಟ್ಟ ಫ್ಯಾನುಗಳನ್ನೆಲ್ಲ ಬಿಚ್ಚಿ ಕಲಿತ ವಿದ್ಯೆ ಅದು. ಆರು ತಿಂಗಳ ಹಿಂದೆ ಅವನಿಗೆ ಹೃದಯದ ಆಪರೇಷನ್ ಆಗಿತ್ತು. ಸದ್ಯಕ್ಕೆ ವಿಮಾನ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ನಾವೇ ಹೊರಟಿದ್ದೆವು. ಬಾಗಿಲು ತೆರೆದವನು ಅರ್ಧ ಆಳಾಗಿದ್ದ. "ಅಕ್ಕಾ, ಬಾ" ಎಂದ.

ಅಕ್ಕ ಅವನನ್ನು ಕಣ್ತುಂಬ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸುಮಾ, ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಅವನ್ನ ಕೇಳು" ಎಂದಳು.

ಇದರ ಹಿಂದೆ ಒಂದು ಆಣೆ ಇತ್ತು. ಅಪ್ಪ ನಿವೃತ್ತರಾದ ಮೇಲೆ ಅವರೂ ಅಮ್ಮನೂ ಹುಲಿಕಲ್ಲಿನಲ್ಲಿ ಮನೆ ಮಾಡಿದ್ದರು. ಅಮ್ಮ ಅಲ್ಲಿ ಹಾಸಿಗೆ ಹಿಡಿದಾಗ ಮೋಹನ ದಿನವೂ ಫೋನಿನಲ್ಲಿ "ಇನ್ಶಾಅಲ್ಲಾ ನಾಳೆ ಹೊರಡ್ತೀನಿ" ಎನ್ನುತ್ತಿದ್ದ. ದೇವರು ಬಯಸಿದರೆ ಎಂದು ಅದರ ಅರ್ಥ. ಅಲ್ಲಿಯವರಿಂದ ಅವನ ನಾಲಿಗೆಗೆ ಅಂಟಿದ್ದು. ಆ ನಾಳೆ ಬರಲೇ ಇಲ್ಲ. ರಜೆ ಸಿಗಲಿಲ್ಲ, ಅಮ್ಮ ಹೋದಳು. ಹೆಣದ ಮುಂದೆ ಕೂತ ಅಕ್ಕ ಎಲ್ಲರೂ ಕೇಳುವ ಹಾಗೆ, "ದೇವ್ರ ಹೆಸ್ರು ಹೇಳಿ ಹೇಳಿ ಮೋಸ ಮಾಡಿದ. ಚೌಡಮ್ಮನಾಣೆ, ಇನ್ನು ಅವನು ಕರೆದ್ರೆ ನಾನು ಓಗೊಟ್ರೆ ಕೇಳಿ" ಎಂದುಬಿಟ್ಟಳು.

ಹುಲಿಕಲ್ಲಿನಲ್ಲಿ ಚೌಡಮ್ಮ ಎಂದರೆ ಘಾಟಿಯ ಅಂಚಿನಲ್ಲಿ ಮರದ ಬುಡದ ಒಂದು ಕಲ್ಲು. ಅವಳ ಮೇಲೆ ಹಾಕಿದ ಆಣೆಯನ್ನು ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಹೋಗಿ ಆ ಕಲ್ಲಿನ ಮುಂದೆ ನಿಂತು ಕಾಯಿ ಒಡೆದು, ಒಂದೇ ಹೋಳನ್ನು ಹಂಚಿಕೊಂಡು ತಿನ್ನಬೇಕು. ಮೊದಮೊದಲು ಮೋಹನನಿಗೆ ಹಟ, ಆಮೇಲೆ ರಜೆಯ ತಾಪತ್ರಯ, ಈಗ ಹೃದಯ. ಕಾಯಿ ಒಡೆಯಲೇ ಇಲ್ಲ.

ಉದ್ದನೆಯ ಗೋರಿ

ಮೋಹನನ ಗೆಳೆಯ ಸಾಲಿಂ ಅಲ್ಲಿಯವನೇ, ಟ್ಯಾಕ್ಸಿ ಇಟ್ಟುಕೊಂಡವನು. ಕೆಲಸಕ್ಕೆ ಬಂದ ನಮ್ಮ ದೇಶದವರ ಜೊತೆ ಓಡಾಡಿ ಒಳ್ಳೆಯ ಹಿಂದಿ ಕಲಿತಿದ್ದ. ನನ್ನ ಹಿಂದಿ ಅವನದಕ್ಕಿಂತ ಕಡೆ. ಊರು ತೋರಿಸುವ ಹೊಣೆ ಅವನದಾಯಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತೀಯಪ್ಪಾ ಎಂದರೆ "ಇನ್ಶಾಅಲ್ಲಾ ಎಂಟಕ್ಕೆ". ಬಂದದ್ದು ಹತ್ತೂವರೆಗೆ, "ಅಲ್ಹಮ್ದುಲಿಲ್ಲಾ" ಎಂದು ದೇವರಿಗೆ ಕೃತಜ್ಞತೆ ಹೇಳುತ್ತ. ನನ್ನ ಅಂಗಡಿಯ ಗಿರಾಕಿಗಳೆಲ್ಲ ಒಬ್ಬನೇ ಆಗಿ ಬಂದ ಹಾಗಿದ್ದ.

ಊರ ನಡುವೆ ಒಬ್ಬ ಹಿರಿಯ ಪುಣ್ಯಪುರುಷರ ಗೋರಿಯಿದೆ ಎಂದು ಕರೆದೊಯ್ದ. ಒಳಗೆ ಕಾಲಿಟ್ಟವಳು ನಾನು ನಿಂತುಬಿಟ್ಟೆ. ಹಸಿರು ಬಟ್ಟೆ ಹೊದಿಸಿದ ಗೋರಿ ಹೋಗುತ್ತಲೇ ಇತ್ತು, ಒಂದು ಸಣ್ಣ ಓಣಿಯಷ್ಟು ಉದ್ದ. ತಲೆ ಎಲ್ಲಿ, ಕಾಲು ಎಲ್ಲಿ ಎಂದು ಗೊತ್ತಾಗದೆ ಯಾವ ತುದಿಯಲ್ಲಿ ನಿಲ್ಲಬೇಕೆಂದು ನಾವಿಬ್ಬರೂ ತಡಬಡಾಯಿಸಿದೆವು. ಕೆಂಡದ ಮೇಲೆ ಧೂಪದ ಅಂಟು ಸುಡುತ್ತಿತ್ತು. ನಮ್ಮ ಕಾಡಿನ ಧೂಪದ ಮರಕ್ಕೆ ಕಚ್ಚು ಹಾಕಿದಾಗ ಬರುವ ವಾಸನೆಯೇ. ಹೊಗೆಯ ಆಚೆ ತುದಿಯಲ್ಲಿ ಮೋಹನ ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದ.

ಅಕ್ಕ ಅಲ್ಲಿ ಮೆಲ್ಲಗೆ ಹೇಳಿದಳು. "ನಂಗೆ ಅವನ ಮೇಲೆ ಸಿಟ್ಟು ಯಾವತ್ತೋ ಹೋಗಿದೆ ಕಣೇ."

"ಮತ್ತೆ ಮಾತಾಡು ಮಾರಾಯ್ತಿ. ಯಾರು ಬೇಡ ಅಂದ್ರು?"

"ಆಣೆ ಮುರಿದ್ರೆ ನಂಗೇ ಎಂತಾರೂ ಆದ್ರೆ ಆಗ್ಲಿ. ಹಾಕಿದೋರಿಗೆ ಆಗಲ್ಲ ಅದು, ಯಾರಿಗೋಸ್ಕರ ಹಾಕಿದ್ವೋ ಅವರಿಗೆ ತಟ್ತದೆ. ಅವನ ಎದೆ ನೋಡಿದ್ಯಾ, ಹೊಲಿಗೆ ಹಾಕಿದ ಚೀಲದಂಗಾಗಿದೆ."

ಇಷ್ಟು ವರ್ಷ ನಾನು ಬೂಟಾಟಿಕೆ ಎಂದುಕೊಂಡದ್ದು ಹೆದರಿಕೆಯಾಗಿತ್ತು. ತಮ್ಮ ಬದುಕಿರಲಿ ಎಂದು ಅವಳು ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಹೀಗೇ ವಾಪಸು ಹೋದರೆ ಇವರಿಬ್ಬರೂ ಇನ್ನೊಮ್ಮೆ ಎದುರಾಗುತ್ತಾರೆಂಬ ಖಾತ್ರಿ ಯಾರಿಗೂ ಇರಲಿಲ್ಲ. ನನಗೆ ಅಳು ಬಂತು, ಧೂಪದ ಹೊಗೆ ಎಂದು ಕಣ್ಣು ಒರೆಸಿಕೊಂಡೆ.

ಏರಿಗೆ ಜಾರುವ ರಸ್ತೆ

ಪೂರ್ವಕ್ಕೆ ಕಡಲ ಬದಿಯಲ್ಲಿ ಹೋಗುವಾಗ ಸಾಲಿಂ ಒಂದು ಕಡೆ ಕಾರು ನಿಲ್ಲಿಸಿದ. ಮುಂದೆ ರಸ್ತೆ ಏರು, ಕಣ್ಣಿಗೆ ಸ್ಪಷ್ಟವಾಗಿ ಏರು. ಗೇರನ್ನು ನ್ಯೂಟ್ರಲ್‌ಗೆ ಹಾಕಿ, "ಬಿಸ್ಮಿಲ್ಲಾ" ಎಂದು ದೇವರ ಹೆಸರು ಹೇಳಿ ಬ್ರೇಕಿನಿಂದ ಕಾಲು ತೆಗೆದ. ಕಾರು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ತಾನಾಗಿಯೇ ಏರಿನತ್ತ ಹೊರಟಿತು. ಹೋಗುತ್ತ ಹೋಗುತ್ತ ಜೋರಾಯಿತು. ಯಾರೋ ಹಗ್ಗ ಕಟ್ಟಿ ಎಳೆದಂತೆ.

"ಅಯ್ಯೋ ದೇವ್ರೇ" ಎಂದು ಕಿರುಚಿದ್ದು ನಾನು. ಅಕ್ಕ ಹೆದರಿ ನಡುಗುತ್ತಿದ್ದವಳು ಅಂಥದರಲ್ಲೂ ನಕ್ಕಳು. "ದೇವ್ರು ಇಲ್ಲ ಅಂತಿದ್ದೆ? ಈಗ ಯಾರನ್ನ ಕರ್ದದ್ದು?"

ಇದು ಕಣ್ಣಿನ ಮೋಸ. ಸುತ್ತಲಿನ ಗುಡ್ಡಗಳ ಓರೆಯಿಂದ ಇಳಿಜಾರು ನಮಗೆ ಏರಾಗಿ ಕಾಣುತ್ತದೆ. ಕನ್ನಡಕ ಮಾರುವವಳಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ? ಹಾಗೆಂದು ಅಕ್ಕನಿಗೆ ಬಿಡಿಸಿ ಹೇಳಿದೆ. ಹೇಳುತ್ತಿರುವಾಗ ಕಾರು ಇನ್ನೂ ಏರುತ್ತಲೇ ಇತ್ತು, ನಾನು ಸೀಟಿನ ಅಂಚು ಬಿಟ್ಟಿರಲಿಲ್ಲ.

ಸೋತ ಮುಖ ಮುಚ್ಚಿಕೊಳ್ಳಲು ನಾನು ಸಾಲಿಂ ಮೇಲೆ ಹರಿಹಾಯ್ದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಇನ್ಶಾಅಲ್ಲಾ ಎನ್ನುವುದು ಮೋಸವಲ್ಲವೇ ಎಂದೆ. ಅವನು ಬೇಸರಪಡಲಿಲ್ಲ. ಬರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ಒರಟುತನ, ಬರುತ್ತೇನೆ ಎಂದು ಗಟ್ಟಿಯಾಗಿ ಹೇಳುವುದು ಸೊಕ್ಕು, ನಡುವೆ ಒಂದು ಮಾತು ಬೇಡವೇ ಎಂದ. ನಮ್ಮೂರಲ್ಲಿ ಸಾಲ ಕೇಳಲು ಹೋದವರಿಗೆ "ನೋಡುವ" ಎನ್ನುವುದಿಲ್ಲವೇ, ಹಾಗೆ ಎಂದು ನನಗೆ ಹೊಳೆಯಿತು. ಆಣೆಯ ಮಾತು ಬಂದಾಗ ಮಾತ್ರ ಅವನು ಗಂಭೀರನಾದ. ನಾಲಿಗೆ ತಾನಾಗಿ ಆಡಿದ ಆಣೆಯನ್ನು ದೇವರು ಹಿಡಿಯುವುದಿಲ್ಲ, ಮನಸ್ಸು ಗಂಟು ಹಾಕಿದ್ದನ್ನು ಹಿಡಿಯುತ್ತಾನೆ, ಅದಕ್ಕೂ ಬಡವರಿಗೆ ಉಣ್ಣಲಿಕ್ಕಿ ಬಿಡಿಸಿಕೊಳ್ಳಬಹುದು ಎಂದ.

ನಾನು ಇದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಮುಂದಿನ ಸೀಟಿನಲ್ಲಿದ್ದ ಮೋಹನ ಕಿವಿ ನಿಮಿರಿಸಿ ಕೂತಿದ್ದ.

"ಅದು ಅವರ ಕಡೆ ಕಾನೂನು" ಎಂದಳು ಅಕ್ಕ. "ನಮ್ಮ ಚೌಡಮ್ಮ ಅಷ್ಟು ಸುಲಭಕ್ಕೆ ಬಿಡೋಳಲ್ಲ."

ಮೋಹನ ಕಿಟಕಿಯ ಕಡೆ ಮುಖ ತಿರುಗಿಸಿದ.

ಬೆಟ್ಟದ ಮೇಲೆ

ಮರುದಿನ ಪಶ್ಚಿಮದ ಕಡಲಿಗೆ ಹೋದೆವು. ಅಲ್ಲಿ ಬಂಡೆಗಳಲ್ಲಿ ತೂತುಗಳಿವೆ, ಕೆಳಗೆ ಕಡಲು ಬಡಿದಾಗ ಮೇಲೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತೆ ಸದ್ದಾಗುತ್ತದೆ. ಒಳಗೆ ಎಂತ ಇದೆ ಎಂದು ನಾನು ಬಗ್ಗಿದೆ. ಕಡಲು ನೇರವಾಗಿ ನನ್ನ ಮುಖಕ್ಕೇ ಉಗುಳಿತು. ಅಡಿಯಿಂದ ಮುಡಿಯವರೆಗೆ ತೊಯ್ದು ಎಸಿ ಕಾರಿನಲ್ಲಿ ವಾಪಸು ಬಂದದ್ದೇ ಸರಿ, ಬೆಳಿಗ್ಗೆ ಗಂಟಲು ಪೂರ್ತಿ ಕಟ್ಟಿತ್ತು. ಎಷ್ಟು ಒದ್ದಾಡಿದರೂ ಗಾಳಿ ಬಿಟ್ಟರೆ ಬೇರೇನೂ ಹೊರಡದು. ಅಕ್ಕ ಮತ್ತು ತಮ್ಮನ ನಡುವೆ ಮಾತು ಸಾಗಿಸುವವಳು ನಾನೊಬ್ಬಳೇ ಇದ್ದದ್ದು. ಈಗ ಅಕ್ಕ ಅನ್ನದ ಪಾತ್ರೆಯನ್ನು ಟೇಬಲ್ಲಿಗೆ ಕುಟ್ಟಿ ಊಟಕ್ಕಾಯಿತೆಂದು ತಿಳಿಸತೊಡಗಿದಳು.

ಆ ದಿನ ಬೆಟ್ಟದ ಮೇಲಿನ ಇನ್ನೊಂದು ಗೋರಿಗೆ ಹೋಗಬೇಕೆಂದು ಅಕ್ಕನೇ ಹಟ ಹಿಡಿದಳು. ಮೈಯೆಲ್ಲ ರೋಗ ಬಂದರೂ ತಾಳ್ಮೆಗೆಡದ ಪ್ರವಾದಿಯೊಬ್ಬರದು ಅದು ಎಂದು ಸಾಲಿಂ ಹೇಳಿದ್ದ. ಮೋಹನನಿಗೋಸ್ಕರ ಕೈಮುಗಿಯಬೇಕು ಎಂಬುದು ಅವಳ ಆಸೆ. ಕಾರು ಮೇಲೆ ಹೋದಂತೆ ಮಂಜು ದಟ್ಟವಾಯಿತು. ಹಾಡುಹಗಲು, ಮುಂದಿನ ವಾಹನದ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಗೋರಿ ನೋಡಿ ಹೊರಬರುವಷ್ಟರಲ್ಲಿ ನಾವು ನಿಲ್ಲಿಸಿದ ಕಾರೂ ಕಾಣುತ್ತಿರಲಿಲ್ಲ. ಮೋಹನನನ್ನು ಸೀಟಿನಲ್ಲಿ ಕೂರಿಸಿ ತಿರುಗಿ ನೋಡುತ್ತೇನೆ, ಅಕ್ಕ ಇಲ್ಲ. ನಲ್ಲಿಯಲ್ಲಿ ಕೈ ತೊಳೆದು ಬರುತ್ತೇನೆಂದು ಹೇಳಿ ಹೋಗಿದ್ದಳು. ನಲ್ಲಿಯ ಬಳಿ ಯಾರೂ ಇರಲಿಲ್ಲ.

ಸಾಲಿಂ ಮುಖ ನೋಡಿಯೇ ನನಗೆ ಗೊತ್ತಾಯಿತು. ಆ ಕಡೆ ಪ್ರಪಾತವಿದೆ, ಬೇಲಿ ಇಲ್ಲ, ನೀವು ಕಾರು ಬಿಟ್ಟು ಅಲ್ಲಾಡಬೇಡಿ ಎಂದ. ಒಂದಷ್ಟು ಹೊತ್ತು ಹಾರ್ನ್ ಒತ್ತಿದ. ಆಮೇಲೆ ಮೊಬೈಲಿನ ಬೆಳಕು ಹಿಡಿದು ಮಂಜಿನೊಳಗೆ ಇಳಿದ. ಎರಡು ಹೆಜ್ಜೆಗೆ ಅವನೂ ಇಲ್ಲವಾದ. ನಾನು ಅಕ್ಕಾ ಎಂದು ಕೂಗಲು ನೋಡಿದೆ. ಗಂಟಲಿನಿಂದ ಬೆಕ್ಕಿನ ಮರಿಯ ಸದ್ದೂ ಬರಲಿಲ್ಲ.

ಆಗ ನೆನಪಾದದ್ದು ಅಮ್ಮನ ಮಾತು. ಕಾರ್ಗಲ್ಲಿನಲ್ಲಿ ಮಳೆಗಾಲ ಕಳೆದ ಮೇಲೂ ಮಂಜು ಇಳಿಯುತ್ತಿತ್ತು. ಸೌದೆಗೋ ನೆಲ್ಲಿಕಾಯಿಗೋ ಕಾಡಂಚಿಗೆ ಹೊರಟರೆ ಅಮ್ಮ ಹೇಳುವಳು: "ಯಾರಾದ್ರೂ ಕರೆದ್ರೆ ಒಂದೇ ಸಲಕ್ಕೆ ಓ ಅನ್ಬೇಡಿ. ಮೂರು ಸಲ ಕರೆದ್ರೆ ಮನುಷ್ಯರು. ಅವು ಎರಡೇ ಸಲ ಕರೆಯೋದು." ಆ 'ಅವು' ಯಾವುವು ಎಂದು ಅಮ್ಮ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಕ್ಕ ಇವತ್ತಿಗೂ ಮನೆಯಂಗಳದಲ್ಲಿ ಕರೆದರೂ ಮೂರನೆಯದಕ್ಕೇ ಓಗೊಡುವವಳು.

ಮೋಹನ ಬಾಗಿಲು ತೆರೆದು ಇಳಿದ. ಬೇಡ ಎಂದು ಕೈ ಅಡ್ಡ ಹಿಡಿದೆ, ತಳ್ಳಿದ. ಬಾನೆಟ್ಟಿಗೆ ಒರಗಿ, "ಅಕ್ಕಾ" ಎಂದು ಕರೆದ. ಮಂಜು ಆ ದನಿಯನ್ನು ಹತ್ತಿಯಂತೆ ಹೀರಿಕೊಂಡಿತು. ಉಸಿರು ಎಳೆದು ಇನ್ನೊಮ್ಮೆ, ಇದ್ದ ಬಲವನ್ನೆಲ್ಲ ಹಾಕಿ, "ಅಕ್ಕಾ" ಎಂದ. ಅಷ್ಟಕ್ಕೇ ಎದೆ ಹಿಡಿದುಕೊಂಡು ಬಾಗಿದ. ಮೂರನೆಯ ಸಲ ಬಾಯಿ ತೆರೆದ, ದನಿ ಬರಲಿಲ್ಲ. ನಾನು ಅವನ ಬೆನ್ನಿಗೆ ಕೈಯಿಟ್ಟು ನಿಂತೆ. ಇವನು ಇಲ್ಲಿ, ಅವಳು ಅಲ್ಲಿ, ಇಬ್ಬರನ್ನೂ ಕಳೆದುಕೊಂಡೆ ಎಂದೇ ನನಗನಿಸಿತು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬರುವಾಗ ಕೇಳುತ್ತಿದ್ದ ಒಂಟೆಗಳ ಕೊರಳ ಗಂಟೆಯೂ ನಿಂತಿತ್ತು.

ಆಗ ಮಂಜಿನಾಚೆಯಿಂದ ಅಕ್ಕನ ದನಿ ಬಂತು. "ಓ... ಬಂದೇ..."

ಗೆರೆ ಎಳೆದಂತೆ ನೇರವಾಗಿ ನಮ್ಮತ್ತ ನಡೆದು ಬಂದಳು. ಹಿಂದಿನಿಂದ ಓಡಿ ಬಂದ ಸಾಲಿಂ, ಅವಳು ನಿಂತಿದ್ದ ಜಾಗದಿಂದ ಪ್ರಪಾತ ಎರಡು ಮಾರು ದೂರವೂ ಇರಲಿಲ್ಲ ಎಂದು ತಲೆ ಹಿಡಿದುಕೊಂಡ. ಅಕ್ಕ ಅವನ ಕಡೆ ನೋಡಲೂ ಇಲ್ಲ. ಮೋಹನನ ಎದುರು ನಿಂತು, ಸೆರಗಿನಿಂದ ಅವನ ಮುಖ ಒರೆಸಿ, "ಎಂತಕ್ಕೆ ಅಷ್ಟು ಜೋರಾಗಿ ಕೂಗ್ತೀಯ, ಎದೆ ಹಿಂಗಿಟ್ಕೊಂಡು? ಬುದ್ಧಿ ಇಲ್ವ ನಿಂಗೆ?" ಎಂದು ಬೈದಳು.

ಅಮ್ಮ ಹೋದ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಮೋಹನ ಮಗುವಿನಂತೆ ಅತ್ತ. ನನ್ನ ದನಿಯಿಲ್ಲದ ಗಂಟಲಲ್ಲೂ ಏನೋ ಸದ್ದಾಯಿತು. "ಅಲ್ಹಮ್ದುಲಿಲ್ಲಾ" ಎಂದು ಸಾಲಿಂ ಹೇಳಿದಾಗ ಆ ಮಾತು ಬರೀ ಬಾಯಿಮಾತು ಎಂದು ನನಗನಿಸಲಿಲ್ಲ.

ಮನೆಯಲ್ಲಿ

ಸಂಜೆ ಮನೆಯಲ್ಲಿ ಹಬ್ಬ. ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸುತ್ತ ಅವನನ್ನು ಬೈಯುತ್ತಿದ್ದಳು, ಅವನು ಬೈಸಿಕೊಂಡು ಉಣ್ಣುತ್ತಿದ್ದ. ಮೋಹನ ಕೈ ತೊಳೆಯಲು ಎದ್ದಾಗ ಅಕ್ಕ ನನ್ನ ಪಕ್ಕಕ್ಕೆ ಸರಿದಳು.

"ಹಾರ್ನು ಎಲ್ಲಾ ಕಡೆಯಿಂದ್ಲೂ ಬಂದಂಗೆ ಕೇಳ್ತಿತ್ತು. ಆಮೇಲೆ ಅವನು ಕರ್ದ. ಒಂದಕ್ಕೆ ಬಾಯಿಗೆ ಸೆರಗು ತುರುಕ್ಕೊಂಡೆ. ಎರಡಕ್ಕೂ ತಡ್ಕೊಂಡೆ. ಅಮ್ಮಾ ಚೌಡಮ್ಮಾ, ಮೂರು ಸಲ ಕರೆದ್ರೆ ನೀನೇ ಆಣೆ ಬಿಡಿಸ್ದೆ ಅಂದ್ಕೊಳ್ತೀನಿ ಅಂದೆ. ಕರ್ದ ಕಣೇ. ಮೂರನೇದು ಸಣ್ಣೋನಿದ್ದಾಗ ಕರೀತಿದ್ನಲ್ಲ, ಅಕ್ಕೂ ಅಂತ, ಹಂಗೇ ಕರ್ದ. ಪಕ್ಕದಲ್ಲೇ ನಿಂತು ಕರ್ದಂಗಿತ್ತು."

ನನಗೆ ಗಂಟಲು ಕಟ್ಟಿದ್ದೇ ಒಳ್ಳೆಯದಾಯಿತು. ಸುಮ್ಮನೆ ತಲೆಯಾಡಿಸಿದೆ.

ಅವಳು ಪಾತ್ರೆ ತೊಳೆಯುವಾಗ ಮೋಹನ ಬಂದು ಕಿವಿಯಲ್ಲಿ ಹೇಳಿದ. "ಸುಮಕ್ಕ, ಮೂರನೇ ಸಲ ಕರೆಯಕ್ಕೆ ಉಸಿರೇ ಇರ್ಲಿಲ್ಲ. ಎರಡಕ್ಕೇ ಓ ಅಂದ್ಲಲ್ಲ! ನಂಗೋಸ್ಕರ ಅಕ್ಕ ಅಮ್ಮನ ಮೂರರ ಲೆಕ್ಕಾನೂ ಬಿಟ್ಲು." ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡೇ ಇರಲಿಲ್ಲ.

ಇಬ್ಬರಿಗೂ ಸಂತೋಷ. ಇಬ್ಬರ ಸಂತೋಷವೂ ಒಂದಕ್ಕೊಂದು ಕೂಡುವುದಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬೆಟ್ಟದಲ್ಲಿ ದನಿ ಮರುಕಳಿಸಿರಬೇಕು ಎಂದುಕೊಂಡೆ. ಮಂಜಿನಲ್ಲಿ ದನಿ ಮರುಕಳಿಸುವುದಿಲ್ಲ. ಮರುಕಳಿಸಿದರೂ 'ಅಕ್ಕಾ' ಎಂದದ್ದು 'ಅಕ್ಕೂ' ಎಂದು ಹೇಗೆ ಬರುತ್ತದೆ? ಅವಳ ಮನಸ್ಸೇ ಕರೆಯಿತು ಎನ್ನೋಣ. ಹಾಗಾದರೆ ದಿಕ್ಕೇ ತಿಳಿಯದವಳು ಪ್ರಪಾತಕ್ಕೆ ಬೆನ್ನು ಹಾಕಿ ನಮ್ಮ ಕಡೆಗೇ ಹೇಗೆ ಬಂದಳು? ನಾಲ್ಕು ದಿನ ಬಿಟ್ಟು ವಿಮಾನ ಹತ್ತಿದೆವು. ದಾರಿಯುದ್ದಕ್ಕೂ ನನ್ನಲ್ಲಿ ಇದೇ ಗುನುಗು.

ಹುಲಿಕಲ್

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕ ಕೋಣಂದೂರಿನಿಂದ ಕಾರು ಮಾಡಿಕೊಂಡು ನೇರ ನನ್ನ ಅಂಗಡಿಗೆ ಬಂದಳು. ಮುಖ ಬಿಳುಚಿಕೊಂಡಿತ್ತು. ಹುಲಿಕಲ್ಲಿಗೆ ಹೋಗಬೇಕು, ಏಳು ಎಂದಳು. ಹೊಸನಗರ ದಾಟಿದ ಮೇಲೆ ವಿಷಯ ಹೊರಬಿತ್ತು.

"ನಿನ್ನೆ ಫೋನಲ್ಲಿ ತಮಾಷೆ ಮಾಡ್ದ" ಎಂದಳು. "ಎರಡು ಸಲ ಕರ್ದಿದ್ದಕ್ಕೇ ಓಡಿ ಬಂದ್ಯಲ್ಲಕ್ಕ ಅಂದ. ಹಂಗಾದ್ರೆ ನಾ ಓಗೊಟ್ಟಿದ್ದು ಯಾರಿಗೆ?"

ಘಾಟಿಯ ಅಂಚಿನಲ್ಲಿ ಇಳಿದೆವು. ಕುಂಕುಮ ಮೆತ್ತಿದ ಕಲ್ಲು, ಪಕ್ಕದಲ್ಲಿ ಡ್ರೈವರುಗಳು ಒಡೆದು ಹೋದ ಕಾಯಿಯ ಚಿಪ್ಪುಗಳು. ಕಣಿವೆಯಿಂದ ಮಂಜು ಏಳುತ್ತಿತ್ತು. ಅಕ್ಕ ನನ್ನನ್ನು ಕಲ್ಲಿನೆದುರು ನಿಲ್ಲಿಸಿದಳು. ಕೈಯಲ್ಲಿ ತೆಂಗಿನಕಾಯಿ ಹಿಡಿದಿದ್ದಳು.

"ನೀ ಅವನ ಪಕ್ಕದಲ್ಲೇ ಇದ್ದೆ. ಎಷ್ಟು ಸಲ ಕರ್ದ?"

"ಮೂರು" ಎಂದೆ. "ಆಗ ಅವನಿಗೆ ಉಸಿರು ಕಟ್ಟಿತ್ತು ಅಕ್ಕ, ಕರ್ದದ್ದು ಅವನಿಗೇ ನೆನಪಿಲ್ಲ. ಮೂರನೇದು ಅಕ್ಕೂ ಅಂತ ಕರ್ದ."

"ಆಣೆ?"

ಹಕ್ಕಿಗಳ ಸದ್ದು ನಿಂತಿತ್ತು. ಬೆಟ್ಟದ ಮೇಲೆ ಆ ದಿನ ನಿಂತಂತೆಯೇ. ನಾನು ಕಲ್ಲನ್ನು ನೋಡಲಿಲ್ಲ, ಅಕ್ಕನ ಮುಖ ನೋಡಿದೆ.

"ಚೌಡಮ್ಮನಾಣೆ."

ಅಕ್ಕ ಸಮಾಧಾನದ ಉಸಿರು ಬಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು. "ಆಯ್ತು, ಬಿಡು. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ. ನಿನ್ನ ಬಾಯಲ್ಲಿ ಸುಳ್ಳು ಆಣೆ ಬರಲ್ಲ" ಎಂದು ಕಾಯಿ ಒಡೆದು, ಒಂದು ಚೂರು ನನ್ನ ಕೈಗೆ ಕೊಟ್ಟಳು. ತಿಂದೆ.

ನನಗೆ ಮೊದಲಿನಂತೆಯೇ ದೇವರಲ್ಲಿ ನಂಬಿಕೆಯಿಲ್ಲ. ಆದರೆ ಅಂಗಡಿಯಲ್ಲಿ ಯಾರಾದರೂ ದೇವರಾಣೆ ಎಂದರೆ ಈಗ ಮೈ ಉರಿಯುವುದಿಲ್ಲ, ಇವರು ಯಾರನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾರೋ ಎಂದು ನೋಡುತ್ತೇನೆ. ಅಕ್ಕ ಇಷ್ಟು ವರ್ಷ ಹೊತ್ತಿದ್ದ ಹೆದರಿಕೆಯನ್ನು ಅವಳಿಂದ ನಾನು ತೆಗೆದುಕೊಂಡಿದ್ದೇನೆ. ಸುಳ್ಳು ಆಣೆ ತಟ್ಟುವುದಾದರೆ ಹಾಕಿದ ನನಗಲ್ಲ, ಯಾರಿಗೆ ತಟ್ಟುತ್ತದೆ ಎಂದು ಅವಳೇ ಹೇಳಿದ್ದಾಳೆ.

ಮೋಹನ ವಾರಕ್ಕೊಮ್ಮೆ ಅಂಗಡಿಗೆ ಫೋನು ಮಾಡುತ್ತಾನೆ. "ಆರಾಮಿದೀನಿ ಸುಮಕ್ಕ, ಇನ್ಶಾಅಲ್ಲಾ ಮುಂದಿನ ವರ್ಷ ಬರ್ತೀನಿ" ಎನ್ನುತ್ತಾನೆ. "ಇನ್ಶಾಅಲ್ಲಾ" ಎಂದು ನಾನೂ ಹೇಳುತ್ತೇನೆ. ಫೋನು ಎಷ್ಟೇ ಕೈಗೆಟಕುವಂತಿದ್ದರೂ ಮೊದಲ ಎರಡು ಸಲ ಹೊಡೆದುಕೊಳ್ಳಲು ಬಿಟ್ಟು, ಮೂರನೆಯದಕ್ಕೇ ಎತ್ತುತ್ತೇನೆ.